‘ಏನೂ ತಿನ್ನಿಸೋದಿಲ್ವಾ?’ ಎಂದು ಕೇಳುವವರಿಗೆ

ನನ್ನ ಮಗಳಿಗೆ ಈಗ ಮೂರು ವರ್ಷ ತುಂಬಿದೆ. ತೂಕ 12 ಕಿಲೋ. ಅವಳನ್ನು ಕರೆದುಕೊಂಡು ಯಾರ ಮನೆಗೆ ಹೋದರೂ, ನಾವು ಕುಳಿತುಕೊಳ್ಳುವ ಮೊದಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಯಾಕಿಷ್ಟು ಸಣ್ಣಗಿದ್ದಾಳೆ? ಏನೂ ತಿನ್ನಿಸೋದಿಲ್ವಾ?’ ಮೊದಮೊದಲು ನಗುತ್ತ ಏನೋ ಒಂದು ಹೇಳುತ್ತಿದ್ದೆ. ಆಮೇಲಾಮೇಲೆ ವಿವರವಾಗಿ ಹೇಳತೊಡಗಿದೆ. ಈಗ ಎರಡೂ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಮುಂದೆ ಕೇಳಿದವರಿಗೆ ಓದಲು ಕೊಡಬಹುದು ಎಂದು ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟೆ: ಇಲ್ಲ, ತಿನ್ನಿಸುವುದಿಲ್ಲ. ಅವಳೇ ತಿನ್ನುತ್ತಾಳೆ.

ಈ ಪ್ರಶ್ನೆಯಲ್ಲಿ ನನ್ನನ್ನು ಕೆರಳಿಸುವುದು ‘ಸಣ್ಣ’ ಎಂಬ ಪದಕ್ಕಿಂತ ಹೆಚ್ಚಾಗಿ ಕ್ರಿಯಾಪದದೊಳಗೆ ಸೇರಿಕೊಂಡಿರುವ ‘ಇಸು’. ನಮ್ಮ ಭಾಷೆಯಲ್ಲಿ ಆ ಒಂದು ಪ್ರತ್ಯಯ ಸೇರಿದೊಡನೆ ಕೆಲಸದ ಹೊಣೆ ಇನ್ನೊಬ್ಬರ ಹೆಗಲೇರುತ್ತದೆ. ತಿನ್ನುವುದು ಮಗು, ತಿನ್ನಿಸುವುದು ತಾಯಿ. ‘ಅವಳು ಚೆನ್ನಾಗಿ ತಿನ್ನುತ್ತಾಳಾ?’ ಎಂದು ಕೇಳಿದರೆ ಅದು ಮಗುವಿನ ಯೋಗಕ್ಷೇಮದ ವಿಚಾರಣೆ. ‘ತಿನ್ನಿಸೋದಿಲ್ವಾ?’ ಎಂದರೆ ಅದು ತಾಯಿಯ ಮೇಲಿನ ಆರೋಪ, ಅದೂ ತೀರ್ಪು ಮೊದಲೇ ಸಿದ್ಧವಾಗಿರುವ ಆರೋಪ. ಪಕ್ಕದಲ್ಲೇ ನಿಂತಿರುವ ಅವಳ ಅಪ್ಪನನ್ನು ಇದುವರೆಗೆ ಒಬ್ಬರೂ ಹೀಗೆ ಕೇಳಿಲ್ಲ. ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯ ಹೊಣೆ ಪೂರ್ತಿ ಅವರದೇ.

‘ಇಸು’ ಬೇಕಾಗಿದ್ದ ಕಾಲವೊಂದಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರವನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ದಿನಗಳಲ್ಲಿ ನಾನು ಅವಳಿಗೆ ಉಣಿಸಿದ್ದೇನೆ, ಮತ್ತು ‘ಉಣಿಸು’ ಎಂಬ ಪದದಲ್ಲಿರುವ ಅಕ್ಕರೆ ನನಗೂ ಗೊತ್ತು. ಆದರೆ ಒಂಬತ್ತು ತಿಂಗಳ ಹೊತ್ತಿಗೆ ಅವಳು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಕಾಳಿನಷ್ಟು ಚೂರನ್ನು ಹಿಡಿದು ಬಾಯಿಗಿಡಲು ಕಲಿತಳು. ಅಂದಿನಿಂದ ಆ ಕ್ರಿಯಾಪದ ದಿನಕ್ಕಿಷ್ಟರಂತೆ ನನ್ನ ಕೈಯಿಂದ ಅವಳ ಕೈಗೆ ಹೋಗುತ್ತ ಬಂದಿದೆ. ಅದನ್ನು ಮತ್ತೆ ಕಿತ್ತು ನನ್ನ ಕೈಗೆ ಕೊಡಿ ಎಂದು ನಾನು ಯಾರನ್ನೂ ಕೇಳಿಲ್ಲ.

ಒಂದು ದಿನದ ಸಂಗತಿಯನ್ನು ಹೇಳಬೇಕು. ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಮನೆತುಂಬ ನೆಂಟರಿದ್ದರು. ನನ್ನ ದೊಡ್ಡಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಮಣಿಕಟ್ಟಿನ ಸುತ್ತ ತಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಬಳೆಯಂತೆ ಕೂಡಿಸಿದರು. ಬೆರಳ ತುದಿಗಳು ಒಂದರ ಮೇಲೊಂದು ಏರಿ ನಿಂತವು. ಆ ಕೈಯನ್ನು ಹಾಗೆಯೇ ಮೇಲಕ್ಕೆತ್ತಿ ಸುತ್ತಲಿದ್ದವರಿಗೆಲ್ಲ ತೋರಿಸುತ್ತ, ‘ನೋಡ್ರೇ, ಕಡ್ಡಿ! ಏನಮ್ಮಾ, ಮಗೂಗೆ ಏನೂ ತಿನ್ನಿಸೋದಿಲ್ವಾ?’ ಎಂದರು. ಅವಳು ಅರ್ಧ ಗಂಟೆಯ ಹಿಂದಷ್ಟೇ ತಿಂದಿದ್ದಾಳೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ‘ತಟ್ಟೆ ಇಲ್ಲಿ ಕೊಡು, ಹೇಗೆ ತಿನ್ನಲ್ವೋ ನಾನೂ ನೋಡ್ತೀನಿ’ ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಕುಳಿತರು. ಅಪ್ಪನ ಹೆಸರಿನದೊಂದು ತುತ್ತು, ಅಜ್ಜನ ಹೆಸರಿನದೊಂದು ತುತ್ತು ಆಯಿತು. ಮಗು ಮುಖ ತಿರುಗಿಸಿದಾಗ ಯಾರೋ ಫೋನಿನಲ್ಲಿ ಹಾಡು ಹಚ್ಚಿ ಎದುರಿಗೆ ಹಿಡಿದರು; ಕಣ್ಣು ಪರದೆಯ ಮೇಲೆ ನೆಟ್ಟು ಬಾಯಿ ತಾನಾಗಿ ತೆರೆದುಕೊಂಡಾಗಲೆಲ್ಲ ಒಂದೊಂದು ತುತ್ತು ಒಳಗೆ ಹೋಯಿತು. ತಟ್ಟೆ ಖಾಲಿಯಾಯಿತು. ‘ನೋಡಿದ್ಯಾ, ತಿನ್ನಿಸೋಕೆ ಬರಬೇಕು ಅಷ್ಟೆ’ ಎಂದು ಅವರು ಕೈತೊಳೆಯಲು ಎದ್ದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಅದಾಗಿ ಒಂದೂವರೆ ಗಂಟೆಯ ಮೇಲೆ ಮಲಗಿಸಲು ಒಯ್ದಾಗ ಅವಳ ಎಡಗೆನ್ನೆ ಉಬ್ಬಿರುವುದು ಕಂಡಿತು. ಬಾಯಿ ತೆರೆ ಎಂದರೆ ತೆರೆಯಲೊಲ್ಲಳು. ಕೊನೆಗೆ ನನ್ನ ಕಿರುಬೆರಳನ್ನು ಮೆಲ್ಲಗೆ ಒಳಗೆ ಹಾಕಿ, ಕೆನ್ನೆಗೂ ಒಸಡಿಗೂ ನಡುವೆ ಅವಳು ಒತ್ತರಿಸಿಟ್ಟುಕೊಂಡಿದ್ದ ಕಡೆಯ ತುತ್ತನ್ನು ಹೊರಗೆ ತೆಗೆದೆ. ಅಷ್ಟು ಹೊತ್ತೂ ಜೊಲ್ಲಿನಲ್ಲಿ ನೆನೆದು ಬೆಳ್ಳಗೆ ಮೆತ್ತಗಾಗಿತ್ತು. ನುಂಗಲು ಮನಸ್ಸಿಲ್ಲದೆ, ಉಗುಳಲು ಧೈರ್ಯವಿಲ್ಲದೆ ಅವಳು ಅದನ್ನು ಇಟ್ಟುಕೊಂಡೇ ಆಡಿದ್ದಳು, ಇಟ್ಟುಕೊಂಡೇ ಎಲ್ಲರಿಗೂ ಕೈಬೀಸಿದ್ದಳು. ನಿದ್ದೆಯಲ್ಲಿ ಅದು ಗಂಟಲಿಗೆ ಜಾರಿದ್ದರೆ ಎಂದು ಈಗಲೂ ಮೈ ನಡುಗುತ್ತದೆ. ಮುಂದಿನ ಎರಡು ವಾರ ಚಮಚವನ್ನು ಕಂಡರೆ ಸಾಕು, ಅವಳ ತುಟಿ ಬಿಗಿದುಕೊಳ್ಳುತ್ತಿತ್ತು. ಇನ್ನೂ ಕೆಲವು ತಿಂಗಳ ನಂತರ ಒಂದು ಸಂಜೆ, ತನ್ನ ಬಲಗೈ ಬೆರಳುಗಳನ್ನು ಎಡ ಮಣಿಕಟ್ಟಿನ ಸುತ್ತ ಕೂಡಿಸಲು ಹೆಣಗುತ್ತ, ‘ಅಮ್ಮಾ, ನಾನು ಕಡ್ಡಿನಾ?’ ಎಂದು ಕೇಳಿದಳು. ಅಂದಿನಿಂದ ಈ ಪ್ರಶ್ನೆಯ ವಿಷಯದಲ್ಲಿ ನನ್ನ ಸೌಜನ್ಯ ಮುಗಿದಿದೆ.

ದೊಡ್ಡಮ್ಮನ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಸೊರಗಿದ ಮಗುವನ್ನು ಕಂಡು ನಿಜವಾಗಿ ಭಯಪಡಬೇಕಾಗಿದ್ದ ಕಾಲವನ್ನು ನೋಡಿದವರು ಅವರು. ಆದರೆ ಭಯವನ್ನು ಅಳೆಯಲು ಬೆರಳ ಬಳೆಗಿಂತ ಒಳ್ಳೆಯ ಸಾಧನಗಳಿವೆ, ಅವುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದು ಅವನ್ನು ರೂಪಿಸಲಾಯಿತು. ಒಳ್ಳೆಯ ಪೋಷಣೆ ಮತ್ತು ಆರೈಕೆ ಸಿಕ್ಕರೆ ಈ ಆರೂ ಕಡೆಯ ಮಕ್ಕಳು ಬಹುಮಟ್ಟಿಗೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಅದರಿಂದ ತಿಳಿಯಿತು. ಅದರ ಪ್ರಕಾರ ಹೆಣ್ಣುಮಗುವಿನ ನಡುಮಟ್ಟದ ತೂಕ ಹುಟ್ಟಿದಾಗ 3.2 ಕಿಲೋ, ಒಂದು ವರ್ಷಕ್ಕೆ 8.9, ಎರಡು ವರ್ಷಕ್ಕೆ 11.5, ಮೂರು ವರ್ಷಕ್ಕೆ 13.9. ಈ ನಾಲ್ಕು ಅಂಕಿಗಳನ್ನು ಒಮ್ಮೆ ಕಳೆದು ನೋಡಿ. ಮೊದಲ ವರ್ಷ ಐದೂವರೆ ಕಿಲೋಗಿಂತ ಹೆಚ್ಚು ಏರುವ ಮಗು ಎರಡನೆಯ ವರ್ಷ ಏರುವುದು ಎರಡೂವರೆ ಕಿಲೋದಷ್ಟು ಮಾತ್ರ, ಮೂರನೆಯ ವರ್ಷವೂ ಹೆಚ್ಚುಕಡಿಮೆ ಅಷ್ಟೆ. ಬೆಳವಣಿಗೆಯ ವೇಗ ಅರ್ಧಕ್ಕೂ ಕಡಿಮೆಯಾದಾಗ ಹಸಿವು ಮೊದಲಿನ ಅಬ್ಬರದಲ್ಲೇ ಇರಬೇಕೆಂದು ಬಯಸುವುದರಲ್ಲಿ ನ್ಯಾಯವಿಲ್ಲ. ‘ಮೊದಲು ಎಷ್ಟು ಚೆನ್ನಾಗಿ ತಿನ್ನುತ್ತಿತ್ತು, ಈಗ ಏನಾಯಿತೋ’ ಎಂದು ಒಂದು ವರ್ಷ ದಾಟಿದ ಮಕ್ಕಳ ತಾಯಂದಿರು ಕೊರಗುವುದು ಬಹುಮಟ್ಟಿಗೆ ಇದಕ್ಕೇ.

ಇನ್ನೂ ಒಂದು ವಿಷಯವಿದೆ. ಎತ್ತರಕ್ಕೆ ಹೋಲಿಸಿ ತೂಕವನ್ನು ಲೆಕ್ಕ ಹಾಕುವ ಬಿಎಂಐ ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತನ್ನ ಶಿಖರವನ್ನು ಮುಟ್ಟಿ, ಅಲ್ಲಿಂದ ಇಳಿಯುತ್ತ ಹೋಗಿ, ಐದಾರು ವರ್ಷದ ಹೊತ್ತಿಗೆ ತೀರ ಕೆಳಗಿನ ಮಟ್ಟಕ್ಕೆ ಬರುತ್ತದೆ. ಆಮೇಲಷ್ಟೇ ಮತ್ತೆ ಏರುತ್ತದೆ. ತೊಡೆಯ ಮಡಿಕೆಗಳು ಮಾಯವಾಗುವುದು, ಪಕ್ಕೆಲುಬು ತುಸು ಕಾಣುವುದು, ಕೈಕಾಲು ಉದ್ದವಾಗುವುದು ಈ ವಯಸ್ಸಿನ ಸಹಜ ನಡೆ. ಹತ್ತು ತಿಂಗಳ ಕೂಸಿನ ಗುಂಡುಗೆನ್ನೆಯನ್ನು ಕಣ್ಣಲ್ಲಿಟ್ಟುಕೊಂಡು ಮೂರು ವರ್ಷದ ಮಗುವನ್ನು ನೋಡುವವರಿಗೆ ಎಲ್ಲ ಮಕ್ಕಳೂ ಸೊರಗಿದಂತೆಯೇ ಕಾಣುತ್ತವೆ.

ನನ್ನ ಮಗಳು ಒಂದು ವರ್ಷಕ್ಕೆ 7.8 ಕಿಲೋ ಇದ್ದಳು, ಎರಡಕ್ಕೆ 10, ಈಗ 12. ಗ್ರೋತ್ ಚಾರ್ಟಿನಲ್ಲಿ ಈ ಚುಕ್ಕಿಗಳನ್ನು ಸೇರಿಸಿದರೆ ನಡುಗೆರೆಯ ಕೆಳಗೆ, ಅದರ ಬಾಗುವಿಕೆಯನ್ನೇ ಅನುಸರಿಸುವ ಗೆರೆಯೊಂದು ಸಿಗುತ್ತದೆ. ಅವಳ ವಯಸ್ಸಿನ ನೂರು ಆರೋಗ್ಯವಂತ ಹುಡುಗಿಯರನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಅವಳಿಗಿಂತ ಹಗುರಾದವರು ಹತ್ತಕ್ಕೂ ಹೆಚ್ಚು ಮಂದಿ ಇರುತ್ತಾರೆ. ಸಾಲಿನಲ್ಲಿ ಯಾರಾದರೂ ಅಲ್ಲಿ ನಿಲ್ಲಲೇಬೇಕು. ಮಣಿಕಟ್ಟಿನ ವಿಷಯಕ್ಕೆ ಬಂದರೆ, ಕೈಯನ್ನು ಅಳೆದು ಅಪೌಷ್ಟಿಕತೆಯನ್ನು ಗುರುತಿಸುವ ಕ್ರಮ ನಿಜವಾಗಿಯೂ ಇದೆ, ಆದರೆ ಅಳೆಯುವುದು ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ, ಪಟ್ಟಿಯಿಂದ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, ಅಲ್ಲಿಂದ 12.5ರವರೆಗೆ ಮಧ್ಯಮ. ಮಗಳದು 14.8. ದೊಡ್ಡಮ್ಮನ ಬೆರಳುಗಳು ಉದ್ದವಾಗಿವೆ ಎಂಬುದಷ್ಟೇ ಆ ದಿನ ಸಾಬೀತಾದದ್ದು.

ಚಿಂತಿಸಬೇಕಾದ ಲಕ್ಷಣಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ತೂಕ ಇಳಿಯುತ್ತಿದ್ದರೆ, ಚಾರ್ಟಿನ ಗೆರೆಗಳನ್ನು ಒಂದೊಂದಾಗಿ ದಾಟಿ ಕೆಳಕ್ಕೆ ಬರುತ್ತಿದ್ದರೆ, ನುಂಗುವಾಗ ಪದೇಪದೇ ಕೆಮ್ಮು ಬರುತ್ತಿದ್ದರೆ, ಮಗು ಬಿಳಿಚಿಕೊಂಡು ಆಟದಲ್ಲಿ ಉತ್ಸಾಹ ಕಳೆದುಕೊಂಡಿದ್ದರೆ ವೈದ್ಯರ ಬಳಿ ಹೋಗಲೇಬೇಕು. ದಿನವಿಡೀ ಹಾಲನ್ನೇ ಕುಡಿಯುತ್ತಿದ್ದರೆ ಹೊಟ್ಟೆ ಅದರಲ್ಲೇ ತುಂಬಿಹೋಗಿ, ಕಬ್ಬಿಣದ ಕೊರತೆಯೂ ಆಗಿ, ಆ ಕೊರತೆಯಿಂದ ಹಸಿವು ಇನ್ನಷ್ಟು ಕುಗ್ಗಬಹುದು. ಇದನ್ನೆಲ್ಲ ನಾವು ವೈದ್ಯರೊಡನೆ ಮಾತಾಡಿಯಾಗಿದೆ.

ಒತ್ತಾಯಿಸಿದರೆ ಆಗುವುದೇನು ಎಂಬುದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು, ಒಂದನ್ನು ಮಾತ್ರ ‘ಮುಗಿಸು, ಮುಗಿಸು’ ಎಂದು ಒತ್ತಾಯಿಸಿದರು. ಒತ್ತಾಯವಿಲ್ಲದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯಿಸಿದ ಸೂಪಿನ ಬಗ್ಗೆ ಕೆಟ್ಟ ಮಾತುಗಳನ್ನೇ ಹೆಚ್ಚು ಆಡಿದರು. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1991ರಲ್ಲಿ ಎರಡರಿಂದ ಐದು ವರ್ಷದ 15 ಮಕ್ಕಳು ಆರು ದಿನ ತಿಂದದ್ದನ್ನೆಲ್ಲ ಅಳೆದು ತೋರಿಸಿದಂತೆ, ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ಏರುಪೇರು ಬಹಳವಿದ್ದರೂ ಇಡೀ ದಿನದ ಮೊತ್ತದಲ್ಲಿ ಏರುಪೇರು ಕಡಿಮೆ. ಮಧ್ಯಾಹ್ನ ಬಿಟ್ಟದ್ದನ್ನು ಮಗು ಸಂಜೆಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ನೆಂಟರು ನೋಡುವುದು ಮಧ್ಯಾಹ್ನದ ಆ ಒಂದು ತಟ್ಟೆಯನ್ನು ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಲಾರಾ ಡೇವಿಸ್ ಎಂಬ ವೈದ್ಯೆ 1920ರ ದಶಕದಲ್ಲಿ ಆರಂಭಿಸಿದ ಪ್ರಯೋಗ. ಆಗಷ್ಟೇ ಎದೆಹಾಲು ಬಿಟ್ಟ 15 ಮಕ್ಕಳ ಮುಂದೆ, ಸಕ್ಕರೆ ಬೆರೆಸದ, ಸರಳವಾಗಿ ಸಿದ್ಧಪಡಿಸಿದ ಹಲವು ಬಗೆಯ ಆಹಾರಗಳನ್ನು ಬೇರೆಬೇರೆ ಬಟ್ಟಲುಗಳಲ್ಲಿ ಇಡುತ್ತಿದ್ದರು. ದಾದಿಯರು ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು, ಏನನ್ನೂ ಸೂಚಿಸಬಾರದು. ಮಗು ಒಂದು ಬಟ್ಟಲಿನತ್ತ ಕೈಚಾಚಿದರೆ ಮಾತ್ರ ಅದರಿಂದ ಒಂದು ಚಮಚ ತೆಗೆಯಬೇಕು, ಮಗು ಬಾಯಿ ತೆರೆದರೆ ಮಾತ್ರ ಇಡಬೇಕು. ಎರಡು ಮಕ್ಕಳ ಆಯ್ಕೆ ಒಂದೇ ರೀತಿ ಇರಲಿಲ್ಲ, ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. ಎಲ್ಲ ಬಟ್ಟಲುಗಳಲ್ಲೂ ಒಳ್ಳೆಯ ಆಹಾರವೇ ಇದ್ದುದರಿಂದ ಅದು ಸಾಧ್ಯವಾಯಿತು ಎಂದು ಡೇವಿಸ್ ತಾವೇ ಸ್ಪಷ್ಟಪಡಿಸಿದ್ದಾರೆ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಕೆಲಸ, ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೆಲಸ ಎಂದು ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಹಂಚಿಕೊಟ್ಟ ಹೊಣೆಗಾರಿಕೆಯನ್ನೇ ನಮ್ಮ ಮನೆಯಲ್ಲಿ ಪಾಲಿಸುತ್ತೇವೆ. ಇದು ಸುಲಭವೆಂದು ಭಾವಿಸಬೇಡಿ. ಮುಟ್ಟದ ತಟ್ಟೆಯನ್ನು ಒಂದು ಮಾತೂ ಆಡದೆ ಎತ್ತಿಡುವುದಕ್ಕೆ, ತುತ್ತು ತುರುಕುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಯಾರೂ ಕೇಳದ, ಆದರೆ ಕೇಳಿದರೆ ನಾನು ಗಂಟೆಗಟ್ಟಲೆ ಉತ್ತರಿಸಬಲ್ಲ ಪ್ರಶ್ನೆ ಬೇರೆಯದು: ‘ಅವಳು ಊಟ ಮಾಡುವುದು ಹೇಗೆ?’ ಕ್ಯಾರೆಟ್ಟನ್ನು ಉದ್ದಕ್ಕೆ ಹೆಚ್ಚಿದರೆ ತಿನ್ನುತ್ತಾಳೆ, ದುಂಡಗೆ ಹೆಚ್ಚಿದರೆ ಒಂದರ ಮೇಲೊಂದು ಪೇರಿಸಿಡುತ್ತಾಳೆ. ಹೊಸದೇನನ್ನಾದರೂ ಬಡಿಸಿದರೆ ಮೊದಲು ಮೂಸುತ್ತಾಳೆ, ಮಾರನೆಯ ಸಲ ನಾಲಗೆ ತಾಗಿಸುತ್ತಾಳೆ, ಹತ್ತನೆಯ ಸಲಕ್ಕೋ ಹನ್ನೆರಡನೆಯ ಸಲಕ್ಕೋ ಕಚ್ಚುತ್ತಾಳೆ. ಹೊಸ ರುಚಿಯ ಅಂಜಿಕೆ ಈ ವಯಸ್ಸಿನಲ್ಲಿ ಸಹಜ, ಅದನ್ನು ಕಳೆಯಲು ಮತ್ತೆ ಮತ್ತೆ ಎದುರಿಗಿಡುವುದು ಒಳ್ಳೆಯ ದಾರಿ ಎಂದು ಓದಿದ್ದೆ. ಈಗ ದಿನವೂ ಕಣ್ಣಾರೆ ನೋಡುತ್ತಿದ್ದೇನೆ.

ಕಳೆದ ವಾರ ಗೆಳತಿಯೊಬ್ಬಳು ಬಂದಿದ್ದಳು. ಅವಳು ನನ್ನನ್ನು ಏನೂ ಕೇಳದೆ ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ‘ಪುಟ್ಟೀ, ಏನು ಮಾಡ್ತಿದ್ದೀಯಾ ಇಲ್ಲಿ?’ ಎಂದಳು. ತಟ್ಟೆಯಲ್ಲಿ ಬೇಯಿಸಿದ ಬಟಾಣಿ ಇತ್ತು. ‘ಅಂಗಿ ಬಿಚ್ತಿದ್ದೀನಿ’ ಎಂದಳು ಮಗಳು. ಒಂದು ಕಾಳನ್ನು ಎರಡು ಬೆರಳುಗಳ ನಡುವೆ ಹಿಡಿದು ಒತ್ತುತ್ತಾಳೆ. ಸಿಪ್ಪೆಯಿಂದ ಹಸಿರು ಬೇಳೆಗಳೆರಡು ಪುಳಕ್ಕನೆ ಹೊರಗೆ ಜಾರುತ್ತವೆ. ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಅಂಟಿಸುತ್ತಾಳೆ, ಬೇಳೆಗಳನ್ನು ಒಂದಾದ ಮೇಲೊಂದರಂತೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಗೆಳತಿ ಕೈ ಒಡ್ಡಿದಾಗ ಅವಳ ಅಂಗೈಯಲ್ಲಿ ಒಂದು ಬೇಳೆಯನ್ನಿಟ್ಟಳು. ‘ಇನ್ನೊಂದು ಕೊಡ್ತೀಯಾ?’ ಎಂದದ್ದಕ್ಕೆ ಸ್ವಲ್ಪ ಯೋಚಿಸಿ, ‘ಇಲ್ಲ, ನಂಗೆ ಹಸಿವು’ ಎಂದು ಮತ್ತೆ ನಾಲ್ಕು ಕಾಳಿನ ಅಂಗಿ ಬಿಚ್ಚಿ ತಿಂದಳು. ಆಮೇಲೆ ‘ಸಾಕು’ ಎಂದು ಎದ್ದು ಆಡಲು ಹೋದಳು. ಅಂಚಿನಲ್ಲಿ ಹತ್ತೊಂಬತ್ತು ಸಿಪ್ಪೆಗಳಿದ್ದವು, ನಡುವೆ ಆರು ಕಾಳುಗಳು ಹಾಗೆಯೇ ಉಳಿದಿದ್ದವು. ನಾನು ತಟ್ಟೆಯನ್ನು ಎತ್ತಿಟ್ಟೆ.