8 ಕುದುರೆಯಲ್ಲಿ ಎರಡು ಲಾಯದಲ್ಲೇ ಇದ್ದವು

ಕೊನೆಗೂ ನನ್ನ ದೋಣಿ ನೀರನ್ನು ತಳ್ಳುವುದು ಬಿಟ್ಟು, ನೀರಿನ ಮೇಲೆ ಎದ್ದು ಜಾರಿತು. ಗಂಗೊಳ್ಳಿ ಹತ್ತಿರ, ಪಂಚಗಂಗಾವಳಿ ಹೊಳೆಯಲ್ಲಿ, ಭರತ (ಉಬ್ಬರ) ತುಂಬಿ ನೀರು ನಿಂತಿದ್ದ ಹೊತ್ತಿನಲ್ಲಿ ಫುಲ್ ಥ್ರಾಟಲ್ ಕೊಟ್ಟೆ. ಜಿಪಿಎಸ್‌ನಲ್ಲಿ ಗಂಟೆಗೆ 23 ಕಿ.ಮೀ. ಬಂತು! ಇಷ್ಟು ದಿನ 15 ದಾಟುತ್ತಿರಲಿಲ್ಲ. ಮೂಗು ಮೇಲೆತ್ತಿ, ಹಿಂದೆ ದೊಡ್ಡ ಅಲೆ ಎಬ್ಬಿಸಿ, ಪೆಟ್ರೋಲು ಕುಡಿದು, ಸುಮ್ನೆ ಏದುಸಿರು ಬಿಡುತ್ತಿತ್ತು.

ದೋಣಿಯ ಹಿಂದೆ ಸಿಕ್ಕಿಸುವ ಮೋಟಾರು ಇದು, ಯಮಹಾ ಎಂಡ್ಯೂರೋ 8 ಎಚ್‌ಪಿ, ಅಂದರೆ 8 ಕುದುರೆ ಬಲ. ಎರಡು ಸಿಲಿಂಡರು, 165 ಸಿಸಿ, ಟೂ ಸ್ಟ್ರೋಕ್. ನಾಡದೋಣಿಯವರೊಬ್ಬರಿಂದ ತಗೊಂಡದ್ದು. ಕಾರ್ಬುರೇಟರ್ ತೊಳೆದೆ, ಎಂಜಿನ್ ತಣಿಸಲು ನೀರೆತ್ತುವ ಇಂಪೆಲ್ಲರ್ ಹಾಕಿದೆ, ಗೇರ್ ಆಯಿಲ್ ಬದಲಿಸಿದೆ. ಅಷ್ಟೆಲ್ಲ ಆದ ಮೇಲೂ ಹೊಳೆಗಿಳಿದರೆ ಫುಲ್ ಥ್ರಾಟಲ್‌ನಲ್ಲೂ 4200 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಕಂಪನಿ ಹೇಳುವುದು 4500ರಿಂದ 5500. ಮನೆ ಅಂಗಳದ ಡ್ರಮ್ಮಿನಲ್ಲಿ ಮಾತ್ರ ಯಾವ ತಕರಾರೂ ಇಲ್ಲ.

ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ರಬ್ಬರ್ ಬುಷ್ ಜಾರುತ್ತಿದೆ ಅಂತ ಒಬ್ಬರು ಹೇಳಿದರು. ಜಾರಿದ್ದರೆ ಎಂಜಿನ್ ಕಿರುಚಬೇಕು, ದೋಣಿ ನಿಲ್ಲಬೇಕು. ಇಲ್ಲಿ ಎಂಜಿನ್ನೇ ಏಳುತ್ತಿಲ್ಲವಲ್ಲ. ಪೆಟ್ರೋಲು ಸಾಲುತ್ತಿಲ್ಲವೇನೋ ಅಂತ ಓಡುವಾಗಲೇ ಪೈಪಿನ ರಬ್ಬರ್ ಬಲ್ಬು ಒತ್ತಿ ನೋಡಿದೆ. ಏನೂ ಬದಲಾಗಲಿಲ್ಲ. ಒಂದೊಂದೇ ಪ್ಲಗ್ಗಿನ ವೈರು ತಪ್ಪಿಸಿ ನೋಡಿದೆ. ಎರಡು ಸಲವೂ ಒಂದೇ ಥರ ಸೊರಗಿತು. ಅಂದರೆ ಎರಡೂ ಸಿಲಿಂಡರು ಕೆಲಸ ಮಾಡುತ್ತಿವೆ, ಎರಡೂ ಅಷ್ಟಕ್ಕಷ್ಟೇ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ತಲೆ ಕೆಟ್ಟಿತು. ಮೇಲಿನದು 75 ಪಿಎಸ್‌ಐ, ಕೆಳಗಿನದೂ 75. ಪಿಸ್ಟನ್ ರಿಂಗ್ ಸವೆದಿದ್ದರೆ ಇಷ್ಟು ಸಮನಾಗಿ ಸವೆಯುತ್ತದಾ? ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಹಗ್ಗ ಎಳೆದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕು. ಮುಳ್ಳು ಹೆಚ್ಚುಕಡಿಮೆ ಅಲ್ಲೇ. ರಿಂಗ್ ಸರಿಯಾಗೇ ಇದೆ, ಕಂಪ್ರೆಷನ್ ಮಾತ್ರ ಸಾಲದು.

ಬಂದರಿನ ಮೆಕ್ಯಾನಿಕ್ ಅಣ್ಣನ ಹತ್ತಿರ ಹೊತ್ತುಕೊಂಡು ಹೋದೆ. ಜೂನ್ ತಿಂಗಳು ಬೇರೆ. ದೊಡ್ಡ ಬೋಟುಗಳ ಮೀನುಗಾರಿಕೆಗೆ ಜುಲೈ 31ರವರೆಗೆ ರಜೆ. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಬಿಡುವುದರಿಂದ ಎಲ್ಲರ ಸಣ್ಣ ಮೋಟಾರೂ ಅವರ ಶೆಡ್ಡಿನಲ್ಲೇ ಇತ್ತು. ನನ್ನಂಥ ಹವ್ಯಾಸದವನಿಗೆ ಯಾರು ಸಮಯ ಕೊಡುತ್ತಾರೆ? ಕವರು ತೆಗೆದು ಒಂದು ಸಲ ನೋಡಿದರು. “ಇದು ಚಿಮಣಿ ಎಣ್ಣೆ ಮಂಡೆ ಅಲ್ವಾ ಮಾರಾಯ್ರೆ! ಪೆಟ್ರೋಲ್ ಹಾಕಿದ್ರೆ ಎಂತ ಓಡ್ತದೆ?” ಅಂದು ಇನ್ನೊಂದು ಮೋಟಾರಿಗೆ ಕೈಹಾಕಿದರು.

ವಿಷಯ ಅಷ್ಟೇ. ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ; ಮಂಡೆ ಅಂದರೆ ಹೆಡ್, ಸಿಲಿಂಡರಿನ ಮೇಲಿನ ಮುಚ್ಚಳ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮೋಟಾರು ಇದು. ಸೀಮೆಎಣ್ಣೆಯನ್ನು ಜಾಸ್ತಿ ಒತ್ತಿದರೆ ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ಕುಟ್ಟುತ್ತದೆ. ಅದಕ್ಕೇ ಹೆಡ್ಡಿನೊಳಗೆ ಜಾಗ ಜಾಸ್ತಿ ಬಿಟ್ಟಿರುತ್ತಾರೆ. ಅದೇ ಹೆಡ್ಡಿನಲ್ಲಿ ಪೆಟ್ರೋಲು ಉರಿಸಿದರೆ ಓಡುತ್ತದೆ, ಆದರೆ ಪೂರ್ತಿ ಬಲ ಬರುವುದಿಲ್ಲ. ಮಾರಿದವರು ಸೀಮೆಎಣ್ಣೆಯ ಟ್ಯಾಂಕು, ಪೈಪು ಎಲ್ಲ ಬಿಚ್ಚಿಟ್ಟುಕೊಂಡು ಚೊಕ್ಕ ಮಾಡಿ ಕೊಟ್ಟಿದ್ದರು.

ಪೆಟ್ರೋಲ್ ಹೆಡ್ಡಿಗೆ ಒಂದು ಅಂಗಡಿಗೆ ದುಡ್ಡು ಕಟ್ಟಿದೆ. “ನಾಳೆ ಬರ್ತದೆ” ಅಂದರು. ಆ ನಾಳೆ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಕಡೆಗೆ ಬಂದ ಡಬ್ಬಿಯಲ್ಲಿ ಬೇರೆ ಯಾವುದೋ ಮೋಟಾರಿನ ಥರ್ಮೋಸ್ಟಾಟ್ ಇತ್ತು. ಬಿಲ್ಲಿನಲ್ಲಿ ಮಾತ್ರ ‘ಹೆಡ್’ ಅಂತ ಸ್ಪಷ್ಟವಾಗಿ ಬರೆದಿದ್ದರು. ಕೊನೆಗೆ ಅಣ್ಣನ ಗುಜರಿ ರಾಶಿಯಲ್ಲೇ, ಗೇರ್ ಬಾಕ್ಸ್ ಒಡೆದ ಮೋಟಾರೊಂದರ ಮೇಲೆ ಸರಿಯಾದ ಹೆಡ್ ಸಿಕ್ಕಿತು.

ಈಗ ಹಳೆಯ ಹೆಡ್ ಬಿಚ್ಚುವ ಕಥೆ. ಉಪ್ಪುನೀರು ಕುಡಿದ ಅಲ್ಯುಮಿನಿಯಂ ಸ್ಟೀಲ್ ಬೋಲ್ಟನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೋಲ್ಟಿನ ಸುತ್ತ ಅಲ್ಯುಮಿನಿಯಂ ತುಕ್ಕಿನ ಬಿಳಿ ಪುಡಿ ಕಟ್ಟಿತ್ತು. ಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಗ್ಯಾಸ್ ಟಾರ್ಚಿನಲ್ಲಿ ಸುತ್ತಲೂ ಕಾಯಿಸಿದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ ಮಾಡುವುದು. ಟಿಕ್ ಅಂತ ಸಣ್ಣ ಸದ್ದು ಬಂದರೆ ಗೆದ್ದ ಹಾಗೆ. ಒಂದೊಂದಾಗಿ ಬಂದವು. ಕೆಳಮೂಲೆಯದು ಟಿಕ್ ಅನ್ನಲಿಲ್ಲ, ರಬ್ಬರಿನಂತೆ ಮೆತ್ತಗೆ ತಿರುಗಿತು. ತಲೆ ಸ್ಪ್ಯಾನರ್ ಜೊತೆ ಕೈಗೆ ಬಂತು.

ಡ್ರಿಲ್ ಮಾಡುವ ಧೈರ್ಯ ಆಗಲಿಲ್ಲ. ಬ್ಲಾಕಿನ ಥ್ರೆಡ್ ಹೋದರೆ ಮೋಟಾರೇ ಗುಜರಿಗೆ. ಹೆಡ್ ಎತ್ತಿದ ಮೇಲೆ ಉಳಿದ ತುಂಡಿನ ಮೇಲೊಂದು ನಟ್ ಇಟ್ಟು, ವೆಲ್ಡಿಂಗ್‌ನವರಿಂದ ಒಳಗಡೆ ಬೆಸುಗೆ ಹಾಕಿಸಿದೆ. ಅವರ ಮೊದಲ ಬೆಸುಗೆ ಕಿತ್ತುಬಂತು. ಎರಡನೆಯದು ಹಿಡಿಯಿತು. ಆ ಕಾವಿಗೇ ಬಿಳಿ ಪುಡಿ ಸಡಿಲವಾಗಿ, ತುಂಡು ಬೆರಳಲ್ಲೇ ತಿರುಗಿ ಬಂತು. ಹೊಸ ಬೋಲ್ಟಿಗೆಲ್ಲ ಮರೈನ್ ಗ್ರೀಸ್ ಬಳಿದಿದ್ದೇನೆ.

ಎರಡೂ ಹೆಡ್ಡನ್ನು ಬೋರಲು ಇಟ್ಟು ಒಳಗಿನ ಜಾಗ ಅಳೆದೆ. ಪ್ಲಗ್ ಹಾಕಿ, ಮೇಲೆ ತೂತಿರುವ ಅಕ್ರಿಲಿಕ್ ಹಾಳೆಯನ್ನು ಗ್ರೀಸಿನಲ್ಲಿ ಅಂಟಿಸಿ, ಸಿರಿಂಜಿನಲ್ಲಿ ಎಣ್ಣೆ ತುಂಬುವುದು. ಹಳೆಯದು ಒಂದೊಂದು ಸಿಲಿಂಡರಿಗೂ ಹತ್ತಿರ ಹತ್ತಿರ 3 ಸಿಸಿ ಜಾಸ್ತಿ ಕುಡಿಯಿತು. 82 ಸಿಸಿ ಸಿಲಿಂಡರಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ. ಅಳೆಯಲು ಬಳಸಿದ್ದೂ ಚಿಮಣಿ ಎಣ್ಣೆಯೇ ಅನ್ನುವುದು ಬೇರೆ ಮಾತು.

ಅಂದಹಾಗೆ, ಗುಜರಿ ರಾಶಿಯಲ್ಲಿ ಇನ್ನೊಂದು ಮೋಟಾರಿನ ಬರೀ ಕಾಲು ಬಿದ್ದಿದೆ. ಶಾಫ್ಟು, ಗೇರು ಎಲ್ಲ ಚೆನ್ನಾಗಿದೆ, ಮೇಲೆ ಎಂಜಿನ್ ಇಲ್ಲ. ಅದರ ತಲೆಗೆ ಬ್ಯಾಟರಿ ರಿಕ್ಷಾದ ಮೋಟಾರು ಕೂರಿಸಿದರೆ ಹೇಗೆ? ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸದ್ದಿಲ್ಲದೆ ಹೋಗಿ ಹಕ್ಕಿ ನೋಡಬಹುದು. ಅಡಾಪ್ಟರ್ ಪ್ಲೇಟಿನ ಚಿತ್ರ ಬರೆದಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಹೊಸ ಗ್ಯಾಸ್ಕೆಟ್, ಪೆಟ್ರೋಲ್ ಹೆಡ್, ಎರಡರಲ್ಲೂ 105 ಪಿಎಸ್‌ಐ. ಇನ್ನು ಈ ಮೋಟಾರಿಗೆ ಸೀಮೆಎಣ್ಣೆ ತೋರಿಸುವ ಹಾಗಿಲ್ಲ. ಯಾರಾದರೂ ಎರವಲು ಒಯ್ದು ಹಾಕಿಬಿಟ್ಟರೆ ಕಷ್ಟ ಅಂತ ಕವರಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ.

ಈಗ ತೊಂದರೆ ಉಲ್ಟಾ. ಒಬ್ಬನೇ ಕೂತರೆ 5600ಕ್ಕೆ ಹೋಗುತ್ತದೆ, ಅಂದರೆ ಮಿತಿಗಿಂತ ಜಾಸ್ತಿ. ಗೇರ್ 2.08, ಅಂದರೆ ಎಂಜಿನ್ 2.08 ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು. ಪಿಚ್, ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಹೋಗಬೇಕಾದ ದೂರ, ಏಳೂವರೆ ಇಂಚು. ಲೆಕ್ಕದ ಪ್ರಕಾರ 31 ಕಿ.ಮೀ. ಹತ್ತಿರ ಬರಬೇಕು, ಬಂದದ್ದು 23. ನೂರಕ್ಕೆ 25ರಷ್ಟು ಸ್ಲಿಪ್, ಅಂದರೆ ನೀರಿನಲ್ಲಿ ಜಾರಿ ಹೋದದ್ದು. ಮೊದಲು 35 ಇತ್ತು, ಹಾಗಾಗಿ ದೂರುವುದಿಲ್ಲ. ಎಂಟೂವರೆ ಪಿಚ್ಚಿನದು ಹಾಕಿದರೆ ಆರ್‌ಪಿಎಂ ಇಳಿಯುತ್ತದೆ. ಅದೇ ಅಂಗಡಿಗೆ ಫೋನ್ ಮಾಡಿದೆ. ನಾಳೆ ಬರ್ತದಂತೆ.