ಹೊಡೆದು ನೋಡದ ಕೋವಿ ಸೊಂಟದಲ್ಲಿ ಬೇಡ

ಲೈಸೆನ್ಸ್ ಸಿಕ್ಕಿತು, ಅಂಗಡಿಯಿಂದ .32 ರಿವಾಲ್ವರ್ ಬಂತು, ಕಾರ್ಖಾನೆಯ ಎಣ್ಣೆ ಮೆತ್ತಿಕೊಂಡಿದ್ದ ಹಾಗೆಯೇ ಬೀರು ಸೇರಿತು. ಎರಡು ವರ್ಷ ಬಿಟ್ಟು, ರಾತ್ರಿ ಪ್ರಯಾಣವೋ ದುಡ್ಡಿನ ಸಾಗಾಟವೋ ಇದ್ದ ದಿನ ಅದೇ ರಿವಾಲ್ವರಿಗೆ ಅದೇ ತೋಟಾ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಾರೆ. ನಡುವೆ ಒಂದೇ ಒಂದು ಈಡೂ ಹೊಡೆದಿರುವುದಿಲ್ಲ. ಕೊಡಗು, ಮಲೆನಾಡಿನ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಯದೂ ಇದೇ ಪಾಡು. ಹಾಗೆ ಒಯ್ಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬೇಡ. ಹೊಡೆದು ನೋಡುವ ತನಕ ಅದು ಬೀಗದ ಒಳಗಿರಲಿ.

ಸಮಯಕ್ಕೆ ಸಿಡಿಯದೆ ಹೋದೀತು ಎಂಬ ಭಯ ಇದರಲ್ಲಿ ಅರ್ಧ ಮಾತ್ರ. ಸೊಂಟದಲ್ಲಿ ಕೋವಿ ಇದೆ ಎಂಬ ಧೈರ್ಯ ಮನುಷ್ಯನ ನಡೆಯನ್ನೇ ಬದಲಾಯಿಸುತ್ತದೆ. ಬರಿಗೈಯಲ್ಲಿದ್ದರೆ ಕಾರು ಹಿಂದಕ್ಕೆ ತಿರುಗಿಸಿ ಹೋಗುತ್ತಿದ್ದವರು ಕೆಳಗಿಳಿದು ಮಾತಿಗೆ ನಿಲ್ಲುತ್ತಾರೆ. ಆ ಧೈರ್ಯಕ್ಕೆ ಆಧಾರವಾದ ಕಬ್ಬಿಣ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, ಬರಿಗೈಯೇ ಹೆಚ್ಚು ಕ್ಷೇಮ.

‘ಹೊಸದಲ್ಲವೇ, ಕಾರ್ಖಾನೆಯಲ್ಲೇ ಪರೀಕ್ಷೆ ಆಗಿರುತ್ತದೆ’ ಎನ್ನುವವರಿದ್ದಾರೆ. ಕಾರ್ಖಾನೆಯ ಪ್ರೂಫ್ ಪರೀಕ್ಷೆ ಎಂದರೆ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹೊಡೆದು, ನಳಿಗೆ ಮತ್ತು ತೋಟಾ ಕೂರುವ ಚೇಂಬರ್ ಒಡೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ನಿಮ್ಮ ಪೆಟ್ಟಿಗೆಯ ತೋಟಾ, ನಿಮ್ಮ ಬೆರಳಿನ ಬಲದಲ್ಲಿ, ಆರಕ್ಕೆ ಆರೂ ಸಿಡಿಯುತ್ತವೆ ಎಂದು ಅದು ಹೇಳುವುದಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿಯ ಜೊತೆ ಕೊಡುವ ತರಬೇತಿ ಪ್ರಮಾಣಪತ್ರವೂ ಇದಕ್ಕೆ ಬದಲಿಯಲ್ಲ. ಅದು ನಿಮಗೆ ಕೊಟ್ಟದ್ದು, ನಿಮ್ಮ ಕೋವಿಗಲ್ಲ.

ಹಾಗಾದರೆ ಎಷ್ಟು ಹೊಡೆಯಬೇಕು? ಹೊರದೇಶದವರು 200 ಎನ್ನುತ್ತಾರೆ. ನಮ್ಮಲ್ಲಿ ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಬೆಲೆಯೂ ಕೈ ಸುಡುತ್ತದೆ. ಇಲ್ಲಿ ಒಂದು ಸರಳ ಲೆಕ್ಕ ನೆನಪಿನಲ್ಲಿರಲಿ. ಒಂದೂ ತಪ್ಪದೆ ಹೊಡೆದ ಈಡಿನ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ಕೋವಿ ಕೈಕೊಡುವ ಪ್ರಮಾಣ ಅತಿ ಹೆಚ್ಚೆಂದರೆ ಎಷ್ಟಿರಬಹುದು ಎಂಬುದು ಶೇ. 95ರ ಭರವಸೆಯಲ್ಲಿ ಸಿಗುತ್ತದೆ. 200 ಈಡು ತಪ್ಪದೆ ಹೋದರೆ ಶೇ. 1.5. 30 ಈಡು ತಪ್ಪದೆ ಹೋದರೂ ಶೇ. 10ರವರೆಗೆ ಸಂಶಯ ಉಳಿಯುತ್ತದೆ, ಅಂದರೆ ಹತ್ತಕ್ಕೊಂದು. ಒಂದೇ ಈಡು ಹೊಡೆದು ‘ಸರಿ ಇದೆ’ ಎಂದವರಿಗೆ ಗೊತ್ತಾದದ್ದು ಬಹುತೇಕ ಏನೂ ಇಲ್ಲ. ತೋಟಾ ಕಡಿಮೆ ಇದ್ದಷ್ಟೂ ಕಣ್ಣು, ಕೈ, ಅಳತೆಯಿಂದ ಮಾಡುವ ಪರೀಕ್ಷೆ ಹೆಚ್ಚಬೇಕು.

ರಿವಾಲ್ವರಿನಿಂದ ಶುರು ಮಾಡೋಣ, ಏಕೆಂದರೆ ನಮ್ಮಲ್ಲಿ ಸೊಂಟದಲ್ಲಿರುವುದು ಹೆಚ್ಚಾಗಿ ಅದೇ. ಸರ್ಕಾರಿ ಆಯುಧ ಕಾರ್ಖಾನೆಯ ಹಳೆ .32, 2014ರಲ್ಲಿ ಬಂದ ಸುಮಾರು ಅರ್ಧ ಕೆ.ಜಿ.ಯ ನಿರ್ಭೀಕ್, ಇವು ನಡು ಮುರಿದು ತೆರೆಯುವಂಥವು. 2023ರ ಪ್ರಬಲ್‌ನಲ್ಲಿ ಚೇಂಬರುಗಳಿರುವ ತಿರುಗುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಯಾವುದೇ ಆಗಲಿ, ಮೊದಲು ಪೂರ್ತಿ ಖಾಲಿ ಮಾಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಕಾರ್ಖಾನೆಯ ಗಟ್ಟಿ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಹಿಂದಿನಿಂದ ಬಡಿಯುವ ಹ್ಯಾಮರಿನ ಸುತ್ತ, ತೋಟಾಕ್ಕೆ ಕುಟ್ಟುವ ಫೈರಿಂಗ್ ಪಿನ್ನಿನ ತೂತಿನಲ್ಲಿ ಅದು ಹೆಪ್ಪುಗಟ್ಟಿದರೆ ಪೆಟ್ಟಿನ ಬಲ ಅಲ್ಲೇ ಸಾಯುತ್ತದೆ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನ ಮೇಲೆ ತೆಳು ಗುರುತು ಬೀಳುತ್ತದೆ, ತೋಟಾ ಸಿಡಿಯುವುದಿಲ್ಲ.

ಆಮೇಲೆ ಹೆಬ್ಬೆರಳಿನಿಂದ ಹ್ಯಾಮರನ್ನು ತೀರಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ಕೂರುವ ಮೊದಲೇ ಸಿಲಿಂಡರ್ ‘ಟಕ್’ ಎಂದು ಬೀಗ ಬಿದ್ದಿರಬೇಕು. ಹೀಗೆ ಆರೂ ಚೇಂಬರಿಗೆ ನೋಡಿ. ಒಂದು ಚೇಂಬರಿನಲ್ಲಿ ಮಾತ್ರ ತಡವಾದರೂ ಅದು ರಿಪೇರಿಯ ಕೆಲಸ. ನಳಿಗೆಯ ನೇರಕ್ಕೆ ಬಾರದ ಚೇಂಬರಿನಿಂದ ಹೊರಟ ಗುಂಡು ನಳಿಗೆಯ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಮುಖಕ್ಕೆ ಹೊಡೆಯುವುದು ಇದೇ. ಟ್ರಿಗರನ್ನು ಹಿಂದಕ್ಕೆ ಒತ್ತಿ ಹಿಡಿದಾಗ ಸಿಲಿಂಡರ್ ಗಟ್ಟಿಯಾಗಿ ನಿಲ್ಲಬೇಕು, ಕುಲುಕಬಾರದು.

ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಅಳೆಯಲು ಗ್ಯಾರೇಜಿನವರ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿಗಳು) ಸಾಕು. 0.10ರಿಂದ 0.25 ಮಿ.ಮೀ. ಒಳಗಿದ್ದರೆ ಸರಿ. 0.10ಕ್ಕಿಂತ ಕಡಿಮೆಯಾದರೆ ನಾಲ್ಕು ಸುತ್ತು ಹೊಡೆದ ಮೇಲೆ ಮಸಿ ತುಂಬಿ ಸಿಲಿಂಡರ್ ತಿರುಗುವುದೇ ಕಷ್ಟ. 0.30 ದಾಟಿದರೆ ಬಿಸಿಗಾಳಿ, ಮದ್ದಿನ ಕಣ ಪಕ್ಕಕ್ಕೆ ಹಾರುತ್ತದೆ.

ಇನ್ನು ಹೊಡೆಯುವ ಕೆಲಸ. ಮಾರ್ಕರ್ ಪೆನ್ನಿನಿಂದ ಚೇಂಬರುಗಳಿಗೆ 1ರಿಂದ 6 ಎಂದು ಗುರುತು ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. 36 ತೋಟಾ ಇಟ್ಟುಕೊಂಡರೆ ಪ್ರತಿ ಚೇಂಬರಿಗೂ ಆರಾರು ಬೀಳುತ್ತವೆ. ಮೊದಲ ಆರನ್ನು ಹ್ಯಾಮರ್ ಎಳೆದು ನಿಧಾನವಾಗಿ ಹೊಡೆಯಿರಿ. ಉಳಿದ 30ನ್ನು ಬರೀ ಟ್ರಿಗರ್ ಎಳೆದು ಹೊಡೆಯಬೇಕು, ಕಷ್ಟದ ಹೊತ್ತಿನಲ್ಲಿ ಹೊಡೆಯುವುದು ಹಾಗೆಯೇ. ಹಾಗೆ ಎಳೆದಾಗ ಹ್ಯಾಮರ್ ಪೂರ್ತಿ ಹಿಂದೆ ಹೋಗದೆಯೇ ಬೀಳುವುದರಿಂದ ಪೆಟ್ಟು ಸ್ವಲ್ಪ ಹಗುರ. ಸ್ಪ್ರಿಂಗ್ ಸೋತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನಡುವೆ ಒರೆಸಬೇಡಿ, ಎಣ್ಣೆ ಹಾಕಬೇಡಿ. ಕೊನೆಯ ಸುತ್ತು ಮಸಿ ಹಿಡಿದ ರಿವಾಲ್ವರಿನಲ್ಲೇ ಹೋಗಲಿ.

ಖಾಲಿ ತೋಟಾಗಳನ್ನು ಚೇಂಬರಿನ ಸಂಖ್ಯೆಯಂತೆ ಸಾಲಾಗಿಟ್ಟು ಕೇಪು ನೋಡಿ. ಗುಳಿ ನಡುವೆ, ಆಳವಾಗಿ, ಆರಲ್ಲೂ ಒಂದೇ ಥರ ಇರಬೇಕು. 4ನೇ ಚೇಂಬರಿನದು ಮಾತ್ರ ಪ್ರತಿ ಸಲ ಪಕ್ಕಕ್ಕೆ ಬಿದ್ದಿದ್ದರೆ ದೋಷ ತೋಟಾದಲ್ಲಿಲ್ಲ, ಆ ಚೇಂಬರಿನಲ್ಲಿದೆ. ಆರರಲ್ಲೂ ತೆಳುವಾದರೆ ಸ್ಪ್ರಿಂಗ್ ಅಥವಾ ಪಿನ್ನು. ಗುಳಿ ಚೆನ್ನಾಗಿದ್ದೂ ಸಿಡಿಯದಿದ್ದರೆ ತೋಟಾ ಹಳತು, ಇಲ್ಲವೇ ಕೇಪಿಗೆ ಎಣ್ಣೆ ಇಳಿದಿದೆ. ತೋಟಾ ತುಂಬಿಟ್ಟ ರಿವಾಲ್ವರಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರು ತಮ್ಮ ತೋಟಾಗಳನ್ನು ತಾವೇ ಕೊಲ್ಲುತ್ತಿದ್ದಾರೆ. ಆ ಎಣ್ಣೆ ಕೂದಲೆಳೆಯ ಸಂದಿನಲ್ಲೂ ನುಸುಳುತ್ತದೆ.

ಎರಡು ಸಂದರ್ಭಗಳಲ್ಲಿ ಆತುರ ಕೂಡದು. ಟ್ರಿಗರ್ ಎಳೆದೂ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಸಿಡಿಯುವ ತೋಟಾ ಇರುತ್ತದೆ. ‘ಢಂ’ ಎನ್ನುವ ಬದಲು ‘ಟುಸ್’ ಎಂದು ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಮದ್ದು ಹತ್ತದೆ ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಸೊಂಟದಲ್ಲಿಟ್ಟ ಹಳೆ ತೋಟಾದಲ್ಲಿ ಮೊದಲ ಈಡೇ ಹೀಗಾದರೆ, ಗಾಬರಿಯಲ್ಲಿ ಎರಡನೆಯದನ್ನು ಎಳೆಯದೆ ಇರುವವರು ಯಾರು? ಇದೊಂದೇ ಕಾರಣ ಸಾಕು, ನನ್ನ ಮಟ್ಟಿಗೆ.

ಖಾಲಿ ತೋಟಾ ಹೊರಹಾಕುವಾಗ ನಳಿಗೆ ಮೇಲ್ಮುಖವಾಗಿರಲಿ. ಇಲ್ಲವಾದರೆ ಸುಡದೆ ಉಳಿದ ಮದ್ದಿನ ಕಣ ಖಾಲಿ ತೋಟಾ ಹೊರದೂಡುವ ನಕ್ಷತ್ರಾಕಾರದ ಬಿಲ್ಲೆಯ ಕೆಳಗೆ ಸೇರಿಕೊಳ್ಳುತ್ತದೆ. ಸಾಸಿವೆಯಷ್ಟು ಕಣ ಸಾಕು, ಮುಂದಿನ ಸುತ್ತಿನಲ್ಲಿ ಸಿಲಿಂಡರ್ ತಿರುಗುವುದಿಲ್ಲ.

ಪಿಸ್ತೂಲಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಕಷ್ಟದ ಹೊತ್ತಿನಲ್ಲಿ ರಿವಾಲ್ವರಿನಲ್ಲಿ ಒಂದು ಸದ್ದೇ ಇಲ್ಲದೆ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ಚೇಂಬರ್ ಬರುತ್ತದೆ. ಪಿಸ್ತೂಲಿನಲ್ಲಿ ಎರಡೂ ಕೈ ಬೇಕು, ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆಯುವ ಅಭ್ಯಾಸ ಬೇಕು. ತೊಂದರೆ ಹೆಚ್ಚಾಗಿ ಬರುವುದು ತೋಟಾ ತುಂಬುವ ಮ್ಯಾಗಜೀನಿನಿಂದ: ತೋಟಾ ಹಿಡಿದಿಡುವ ಅದರ ಬಾಯಿಯ ತುಟಿ ಸೊಟ್ಟಗಾಗಿರುತ್ತದೆ ಅಥವಾ ಸ್ಪ್ರಿಂಗ್ ಸಡಿಲ. ಆದ್ದರಿಂದ ಪ್ರತಿ ಮ್ಯಾಗಜೀನಿಗೂ ಸಂಖ್ಯೆ ಕೊಟ್ಟು ಬೇರೆಬೇರೆಯಾಗಿ ಪರೀಕ್ಷಿಸಿ, ಕೈಕೊಟ್ಟದ್ದನ್ನು ಬದಿಗಿಡಿ. ಮಣಿಕಟ್ಟು ಸಡಿಲವಾಗಿದ್ದರೂ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಒಯ್ಯುವವರೇ ಹೊಡೆಯಬೇಕು, ಗೆಳೆಯ ಹೊಡೆದದ್ದು ಲೆಕ್ಕಕ್ಕಿಲ್ಲ. ದಿನಾ ರಾತ್ರಿ ತೆಗೆದು ಬೆಳಿಗ್ಗೆ ಅದೇ ತೋಟಾವನ್ನು ಚೇಂಬರಿಗೆ ಹಾಕುತ್ತಿದ್ದರೆ ಗುಂಡು ಸ್ವಲ್ಪಸ್ವಲ್ಪವೇ ಒಳಕ್ಕೆ ಕುಸಿದು ಒತ್ತಡ ಏರುತ್ತದೆ. ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ, ಗಿಡ್ಡವಾಗಿದ್ದರೆ ಬಳಸಬೇಡಿ.

ಜೋಡುನಳಿಗೆ ಕೋವಿಗೆ ಅಷ್ಟು ತೋಟಾ ಬೇಡ. ತಿರುಗುವ, ಜಾರುವ ಭಾಗಗಳಿಲ್ಲ. ನಳಿಗೆಗೆ ಐದೈದು ಈಡು ಸಾಕು. ಆದರೆ ಹೊಡೆಯುವ ಮೊದಲು ನೋಡಬೇಕಾದ್ದು ಬಹಳ. ಒಂದು, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಗೋಡೆಗೆ ನೇತುಹಾಕಿದ ಕೋವಿಯ ಬಾಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಒಂದು ವಾರ ಸಾಕು. ಆ ಮಣ್ಣಿನ ಬಿರಡೆಯ ಹಿಂದೆ ಈಡು ಹೊಡೆದರೆ ನಳಿಗೆ ಬಾಯಿ ಬಿಡುತ್ತದೆ. ಎರಡು, ನಳಿಗೆಯ ಮೇಲೆ ನೀರಲೆಯಂಥ ಚಿತ್ತಾರವಿದ್ದರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಈಗಿನ ತೋಟಾ ಅದಕ್ಕೆ ಬೇಡವೇ ಬೇಡ. ಗೋಡೆಯ ಮೇಲೆ ಗೌರವದಿಂದಿರಲಿ.

ಮೂರನೆಯದು ಹಲವರು ತಪ್ಪುವ ಜಾಗ. ಹಲವು ಹಳೆ 12 ಬೋರ್ ಕೋವಿಗಳಲ್ಲಿ ಚೇಂಬರ್ 65 ಮಿ.ಮೀ. ಇರುತ್ತದೆ, ಇಂದು 70 ಮಿ.ಮೀ. ತೋಟಾಗಳೂ ಸಿಗುತ್ತವೆ. ತೋಟಾದ ಮೇಲೆ ಬರೆದ ಉದ್ದ ಸಿಡಿದು ಬಾಯಿ ತೆರೆದ ಮೇಲಿನದು. ಮಡಚಿದ ಸ್ಥಿತಿಯಲ್ಲಿ 70ರ ತೋಟಾವೂ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಸಿಡಿದಾಗ ಅದರ ಬಾಯಿ ತೆರೆಯಲು ಜಾಗವಿಲ್ಲದೆ ಒತ್ತಡ ಏರುತ್ತದೆ. ‘ಕೂತಿತಲ್ಲ, ಸರಿಯಾಗಿದೆ’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ನಳಿಗೆಯ ಕೆಳಗೆ ಕೊರೆದ ಗುರುತು ಓದಿ, ತಿಳಿಯದಿದ್ದರೆ ಕೋವಿ ರಿಪೇರಿಯವರಿಂದ ಅಳೆಸಿ. ಮನೆಯಲ್ಲಿ 20 ಬೋರ್ ಕೋವಿಯೂ ಇದ್ದರೆ ಅದರ ತೋಟಾ ಬೇರೆ ಬೀರುವಿನಲ್ಲಿರಲಿ. ಅದು 12ರ ನಳಿಗೆಯೊಳಗೆ ಜಾರಿ ಕಣ್ಣಿಗೆ ಕಾಣದಂತೆ ನಿಲ್ಲುತ್ತದೆ, ಹಿಂದೆ 12ರ ತೋಟಾವೂ ಹಿಡಿಸುತ್ತದೆ.

ಗುರಿಯ ಪರೀಕ್ಷೆಗೆ ದೊಡ್ಡ ಹಾಳೆ ಅಂಟಿಸಿ, ಮನೆಯ ಜಗಲಿಯಿಂದ ಅಂಗಳದ ಗೇಟಿಗೆ ಎಷ್ಟು ದೂರವೋ ಅಷ್ಟೇ ದೂರದಿಂದ ಎರಡೂ ನಳಿಗೆಯಲ್ಲಿ ಹೊಡೆಯಿರಿ. ಬಲ ಎಡ ನಳಿಗೆಯ ಚೋಕ್, ಅಂದರೆ ಬಾಯಿ ಕಿರಿದಾಗುವ ಪ್ರಮಾಣ, ಸಾಮಾನ್ಯವಾಗಿ ಬೇರೆಯಿರುವುದರಿಂದ ಚರೆ ಹರಡುವ ಅಗಲವೂ ಬೇರೆ. ಹಾಳೆಯಿಂದ ಆಚೆ ಹೋದ ಒಂದೊಂದು ಚರೆಯೂ ನಿಜವಾದ ದಿನ ಎಲ್ಲಿಗೋ ಹೋಗುತ್ತದೆ, ಅದಕ್ಕೆ ಹೊಡೆದವರೇ ಹೊಣೆ.

ಮಳೆಗಾಲ ಕಳೆದ ಮೇಲೆ, ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿ ವಾಪಸ್ ಬಂದ ಮೇಲೆ, ಪರೀಕ್ಷೆ ಮೊದಲಿನಿಂದ ಆಗಬೇಕು. ತಿಂಗಳುಗಟ್ಟಲೆ ರಾಶಿಯಲ್ಲಿ ಒರಗಿಸಿಟ್ಟ ಕೋವಿಯ ಪಿನ್ನಿಗೆ ತುಕ್ಕು, ಗುರಿಯ ಮೊಳೆಗೆ ಪೆಟ್ಟು ಸಾಮಾನ್ಯ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೋದ್ ಹಬ್ಬಕ್ಕೆ ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಕಟ್ಟಳೆಯಿದೆ. ಮಳೆ ಇಳಿಯುವ ಹೊತ್ತಿಗೆ ಕೋವಿ ಬಿಚ್ಚಿ, ಒರೆಸಿ, ಹೊಡೆದು ನೋಡುವ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಗೊತ್ತಿಲ್ಲ. ಪೂಜೆಯ ಗಂಧ, ಹೂವಿನ ತೇವ ಮಾತ್ರ ಅಂದೇ ಒರೆಸಿಬಿಡಿ.

ಹೊಡೆಯುವ ಜಾಗ ರೈಫಲ್ ಕ್ಲಬ್ಬಿನ ಮೈದಾನವಾಗಿರಲಿ. ಅನುಮತಿ, ಎಷ್ಟು ತೋಟಾ ಖರ್ಚು ಎಂಬ ಲೆಕ್ಕ ಮೊದಲೇ ಕೇಳಿಕೊಳ್ಳಿ. ಮದುವೆ ಮನೆಯ ಗಾಳಿಯಲ್ಲಿ ‘ಟೆಸ್ಟ್’ ಮಾಡುವವರಿಗೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಇವೆ. ಆತ್ಮರಕ್ಷಣೆಯ ಹಕ್ಕಿನ ಮಿತಿ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಕೋವಿ ಕಟ್ಟಿಕೊಳ್ಳುವ ಮೊದಲು ಒಮ್ಮೆ ಕೂತು ಓದಿ.

ಪರೀಕ್ಷೆ ಮುಗಿದ ಮೇಲೆ ಚೇಂಬರುಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಪಸೆ ಉಳಿಯಬಾರದು. ಅದೇ ಲಾಟಿನ (ಒಂದೇ ಕಂತಿನಲ್ಲಿ ತಯಾರಾದ) ಹೊಸ ಆರು ತೋಟಾ ತುಂಬಿ. ಬೆವರು, ಸೆಕೆ ತಿಂದ ಈ ಆರನ್ನು ವರ್ಷಕ್ಕೊಮ್ಮೆ ತೆಗೆದು, ಮುಂದಿನ ಪರೀಕ್ಷೆಯಲ್ಲಿ ಮೊದಲು ಹೊಡೆಯುವ ಆರು ಅವೇ ಆಗಲಿ. ತಾರೀಕು, ಲಾಟ್ ನಂಬರ್, ಹೊಡೆದ ಸಂಖ್ಯೆ, ಕೈಕೊಟ್ಟ ಚೇಂಬರ್, ಇಷ್ಟನ್ನು ಚೀಟಿಯಲ್ಲಿ ಬರೆದು ಲೈಸೆನ್ಸ್ ಪುಸ್ತಕದೊಳಗೆ ಇಡಿ.