ಹೊಲದಲ್ಲಿ ಜೋಳ, ಲೆಕ್ಕ ಕಬ್ಬಿನದು

ಬೆಳಗಾವಿಯ ಟಿಳಕವಾಡಿಯಲ್ಲಿ ಮ್ಯೂಚುವಲ್ ಫಂಡ್ ಏಜೆಂಟ್ ಆಗಿದ್ದೇನೆ. ಫಂಡಿನ ಹೆಸರು ಓದಿದರೆ ಸಾಕು, ಒಳಗೇನಿದೆ ಹೇಳಬಲ್ಲೆ ಅನ್ನೋ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಅಥಣಿ ಕಡೆಯ ಒಬ್ಬ ಕಬ್ಬು ಬೆಳೆಗಾರ ಕಾಕಾ.

ಅವರ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಒಂದು ಇಟಿಎಫ್ (ಷೇರುಪೇಟೆಯಲ್ಲಿ ಷೇರಿನಂತೆ ಕೊಂಡು ಮಾರುವ ಫಂಡು) ಕೊಳ್ಳುವ ಮುಂಚೆ ಅಪ್ಪನ ಮೂಲಕ ನನ್ನನ್ನು ಕೇಳಿಸಿದ್ದ. ಹೆಸರಲ್ಲಿ ಎಸ್ ಅಂಡ್ ಪಿ 500 ಅಂತಿತ್ತು, ಅಮೆರಿಕದ ಷೇರುಪೇಟೆಯ ಸೂಚ್ಯಂಕ. "ಅಮೆರಿಕದ ದೊಡ್ಡ ಕಂಪನಿಗಳ ಷೇರು, ತಗೊಳ್ಳಲಿ" ಅಂದುಬಿಟ್ಟೆ. ಎರಡು ತಿಂಗಳ ಮೇಲೆ ಕಾಕಾ ಪ್ರಿಂಟ್‌ಔಟ್ ಹಿಡಿದು ಬಂದರು.

"ಸರ್ರ, ಅಮೆರಿಕದ್ದು ಅಂದಿದ್ರಿ. ಇದರಾಗ ಜಪಾನ್ ಕಂಪನಿ ಯಾಕ ಅದಾವ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ತರಿಸಿ, ಸಣ್ಣ ಅಕ್ಷರ ಓದಲು ಕೂತೆ. ಅಲ್ಲಿತ್ತು ಆ ಪದ: ಸ್ವಾಪ್, ಅಂದರೆ ಅದಲು-ಬದಲಿನ ಒಪ್ಪಂದ.

ಕಾಕಾಗೆ ಹೀಗೆ ಹೇಳಿದೆ. ಫಂಡಿನ ಹೊಲದಲ್ಲಿರುವುದು ಜೋಳ. ಅದರ ಆದಾಯ ಒಂದು ಬ್ಯಾಂಕಿಗೆ ಹೋಗುತ್ತದೆ. ಬದಲಿಗೆ ಆ ಬ್ಯಾಂಕು ಕಬ್ಬಿನ ಬೆಳೆಗೆ ಎಷ್ಟು ಬರುತ್ತಿತ್ತೋ ಅಷ್ಟು ಕೊಡುತ್ತದೆ. ಜೋಳ ಅಂದರೆ ಇಲ್ಲಿ ಆ ಜಪಾನ್ ಷೇರು, ಕಬ್ಬು ಅಂದರೆ ಅಮೆರಿಕದ ಸೂಚ್ಯಂಕ.

ಕಾಕಾ ತಕ್ಷಣ ಕೇಳಿದರು, "ಬ್ಯಾಂಕು ಬಿಲ್ಲು ಕೊಡದಿದ್ರ?"

ಕಾರ್ಖಾನೆಗೆ ಕಬ್ಬು ಹಾಕಿ ಬಿಲ್ಲಿಗೆ ಕಾದವರಿಗೆ ಈ ಪ್ರಶ್ನೆ ಯಾರೂ ಕಲಿಸಬೇಕಿಲ್ಲ. ನನಗೇ ಹೊಳೆದಿರಲಿಲ್ಲ ನೋಡಿ.

ಕೊಡದಿದ್ದರೆ ಫಂಡಿನ ಕೈಯಲ್ಲಿ ಉಳಿಯುವುದು ಜೋಳ. ಅದನ್ನು ಮಾರಿ ಬಂದಷ್ಟು ಹಣ. ಪೂರ್ತಿ ಮುಳುಗುತ್ತದೆ ಅಂತಲ್ಲ. ಯುರೋಪಿನ ಫಂಡುಗಳಿಗಿರುವ ಯುಸಿಟ್ಸ್ ನಿಯಮದಲ್ಲಿ ಒಂದು ಬ್ಯಾಂಕಿನಿಂದ ಬರಬೇಕಾದ ಬಾಕಿ ಫಂಡಿನ ಮೌಲ್ಯದ ಶೇ. 10 ದಾಟುವಂತಿಲ್ಲ. ಹೀಗೆ ಸ್ವಾಪ್ ಮಾಡುವುದು ಮೋಸವೂ ಅಲ್ಲ. ಐರ್ಲೆಂಡಿನಲ್ಲಿ ನೋಂದಾಯಿಸಿದ ಫಂಡು ನಿಜವಾಗಿ ಅಮೆರಿಕದ ಷೇರು ಇಟ್ಟುಕೊಂಡರೆ ಡಿವಿಡೆಂಡಿನ ಮೇಲೆ ಸಾಮಾನ್ಯವಾಗಿ ಶೇ. 15 ತೆರಿಗೆ ಹೋಗುತ್ತದೆ. ಸ್ವಾಪ್ ಇದ್ದರೆ ಆ ತೆರಿಗೆ ಉಳಿಸಬಹುದು. ಆದರೆ ಬ್ಯಾಂಕಿಗೆ ಕೊಡುವ ಸ್ವಾಪ್ ಖರ್ಚು ಸಾಮಾನ್ಯವಾಗಿ ಫಂಡಿನ ಖರ್ಚಿನ ಅನುಪಾತದಲ್ಲಿ (ವರ್ಷಕ್ಕೆ ಶೇಕಡಾ ಇಷ್ಟು ಅಂತ ಫಂಡು ತೋರಿಸುವ ಖರ್ಚು) ಕಾಣುವುದೇ ಇಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ.

ನಮ್ಮಲ್ಲಿ ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ ಸೂಚ್ಯಂಕದ ಇಟಿಎಫ್ ಕನಿಷ್ಠ ಶೇ. 95 ಹಣವನ್ನು ಆ ಸೂಚ್ಯಂಕದ ಷೇರುಗಳಲ್ಲೇ ಇಡಬೇಕು. ಅದೇ ಅಭ್ಯಾಸದಲ್ಲಿ ಸುಮ್ನೆ ತಲೆಯಾಡಿಸಿದ್ದೆ. ತಪ್ಪಾಯ್ತು ಅಂತ ಕಾಕಾಗೆ ಹೇಳಿದೆ.

ಅವರು ಅಲ್ಲೇ ಮಗನಿಗೆ ಫೋನ್ ಹಚ್ಚಿದರು. "ತಮ್ಮಾ, ನಿನ್ನ ಫಂಡಿಗೆ ಬಿಲ್ಲು ಕೊಡೋ ಬ್ಯಾಂಕ್ ಯಾವುದೋ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.